ವಾರ್ಡಿನ ಜನಾಭಿಪ್ರಾಯ: ನಗರಸಭೆ ತಳ್ಳಿಹಾಕಲಾಗದಂತೆ ಸಮೀಕ್ಷೆ ಮಾಡುವುದು ಹೇಗೆ?

ಪ್ರಶ್ನೆ: ನಮ್ಮದು ನಗರಸಭೆ ಇರುವ ಊರು. ಕಂದಾಯ ವಿಭಾಗದ ಲೆಕ್ಕದಲ್ಲಿ ನಮ್ಮ ವಾರ್ಡಿಗೆ ಸುಮಾರು 1,200 ಮನೆಗಳು. ನಿವಾಸಿಗಳ ಸಂಘದ ವಾಟ್ಸಾಪ್ ಗುಂಪಿನಲ್ಲಿ ‘ನಗರಸಭೆಯ ಕೆಲಸ ನಿಮಗೆ ತೃಪ್ತಿ ತಂದಿದೆಯೇ?’ ಎಂದು ಕೇಳಿದೆವು. 86 ಮಂದಿ ಉತ್ತರಿಸಿದರು, 71 ಮಂದಿ ‘ಇಲ್ಲ’ ಎಂದರು. ಅದನ್ನೇ ಮನವಿಗೆ ಲಗತ್ತಿಸಿ ಕೊಟ್ಟರೆ ವಾರ್ಡ್ ಸದಸ್ಯರು ‘ಇದು ನಿಮ್ಮ ನಾಲ್ಕು ಜನರ ಅಭಿಪ್ರಾಯ’ ಎಂದರು, ಅಧಿಕಾರಿಗಳು ‘ನೋಡೋಣ’ ಎಂದರು. ಸರಿಯಾದ ಸಮೀಕ್ಷೆ ಹೇಗೆ ಮಾಡಬೇಕು? ಎಷ್ಟು ಮನೆ, ಎಂಥ ಪ್ರಶ್ನೆ, ಫಲಿತಾಂಶವನ್ನು ಯಾರಿಗೆ ಕೊಡಬೇಕು?

ಉತ್ತರ: ಸದಸ್ಯರ ಮಾತು ಒರಟಾಗಿದೆ, ಆದರೆ ಪೂರ್ತಿ ಸುಳ್ಳಲ್ಲ. ಸಂಘದ ವಾಟ್ಸಾಪ್ ಗುಂಪಿನಲ್ಲಿ ಇರುವವರು ಹೆಚ್ಚಾಗಿ ಸ್ವಂತ ಮನೆಯವರು, ಅದರಲ್ಲೂ ಗಂಡಸರು. ಮಹಡಿಯ ಬಾಡಿಗೆದಾರರು, ಹಿಂಬದಿಯ ಶೀಟಿನ ಮನೆಯವರು, ವಾರ್ಡಿನ ಅಂಚಿನ ಕೊಳಗೇರಿಯವರು ಅಲ್ಲಿಲ್ಲ. ಇದ್ದವರಲ್ಲೂ ಸಿಟ್ಟಿದ್ದವರು ಮೊದಲು ಒತ್ತುತ್ತಾರೆ, ಸಿಟ್ಟಿಲ್ಲದವರು ಸುಮ್ಮನಿರುತ್ತಾರೆ. ಹಾಗಾಗಿ 86ರಲ್ಲಿ 71 ಎಂಬುದನ್ನು ವಾರ್ಡಿನ ಶೇ 83 ಎನ್ನಲು ಬರುವುದಿಲ್ಲ.

ಇದಕ್ಕಿಂತ ದೊಡ್ಡ ತಪ್ಪು ಪ್ರಶ್ನೆಯಲ್ಲಿದೆ. ತೃಪ್ತಿ ಇಲ್ಲ, ಸರಿ. ಯಾವುದರ ಬಗ್ಗೆ? ನೀರು ಬಾರದ್ದಕ್ಕೋ, ಖಾತೆಗೆ ಓಡಾಡಿಸಿದ್ದಕ್ಕೋ, ಅಧ್ಯಕ್ಷರ ಪಕ್ಷ ಹಿಡಿಸದ್ದಕ್ಕೋ? ನಗರಸಭೆಯ ಮುಖ್ಯ ಅಧಿಕಾರಿಯಾದ ಪೌರಾಯುಕ್ತರು ನಾಳೆ ಬೆಳಿಗ್ಗೆ ಕೆಲಸ ಮಾಡಬೇಕೆಂದುಕೊಂಡರೂ ಈ ‘ಇಲ್ಲ’ ಹಿಡಿದುಕೊಂಡು ಯಾವ ಬೀದಿಗೆ ಯಾರನ್ನು ಕಳಿಸಬೇಕೆಂದು ಗೊತ್ತಾಗದು. ಅಭಿಪ್ರಾಯದ ಪಕ್ಕದಲ್ಲಿ ಅದಕ್ಕೆ ಕಾರಣವಾದ ಘಟನೆಯೂ ದಾಖಲಾಗಬೇಕು. ಇದೊಂದನ್ನು ಹಿಡಿದರೆ ಮಿಕ್ಕದ್ದೆಲ್ಲ ಅದರ ಹಿಂದೆಯೇ ಬರುತ್ತದೆ.

ಇದಕ್ಕೆ ನಮ್ಮಲ್ಲೇ ಒಳ್ಳೆಯ ಮೇಲ್ಪಂಕ್ತಿ ಇದೆ. ಅರ್ಥಶಾಸ್ತ್ರಜ್ಞ ಸ್ಯಾಮ್ಯುಯೆಲ್ ಪಾಲ್ ಮತ್ತು ಅವರ ಸಂಗಡಿಗರು ಬೆಂಗಳೂರಿನ ಮನೆಮನೆಗೆ ಹೋಗಿ ಕೇಳಿ, 1994ರಲ್ಲಿ ನಾಗರಿಕರ ‘ರಿಪೋರ್ಟ್ ಕಾರ್ಡ್’ ಹೊರತಂದರು. ಅವರು ‘ಸರ್ಕಾರ ಹೇಗಿದೆ’ ಎಂದು ಕೇಳಲಿಲ್ಲ. ಪಾಲಿಕೆ, ಜಲಮಂಡಳಿ, ವಿದ್ಯುತ್ ಮಂಡಳಿ, ಅಭಿವೃದ್ಧಿ ಪ್ರಾಧಿಕಾರ (ಬಿಡಿಎ) ಎಂದು ಒಂದೊಂದು ಸಂಸ್ಥೆಗೂ ಬೇರೆ ಬೇರೆ ಅಂಕ ಕೊಡಿಸಿದರು. ಬಿಡಿಎ ಕೆಲಸ ತೃಪ್ತಿ ತಂದಿದೆ ಎಂದವರು ಶೇ 1 ಮಾತ್ರ. ಸಂಸ್ಥೆಯ ಹೆಸರಿನ ಎದುರು ಹೀಗೊಂದು ಅಂಕಿ ನಿಂತಾಗ ‘ನಮಗೆ ಸಂಬಂಧವಿಲ್ಲ’ ಎನ್ನುವುದು ಕಷ್ಟ. 1999ರಲ್ಲಿ, 2003ರಲ್ಲಿ ಮತ್ತೆ ಸಮೀಕ್ಷೆ ಮಾಡಿದ್ದರಿಂದ ಯಾರು ಸುಧಾರಿಸಿದರು, ಯಾರು ಇಲ್ಲ ಎಂಬುದೂ ಕಂಡಿತು.

ಕೇಂದ್ರ ಸರ್ಕಾರದ ಸಮೀಕ್ಷೆಗಳಲ್ಲೂ ಜನಾಭಿಪ್ರಾಯಕ್ಕೆ ಅಂಕ ಇದೆ. 2020ರ ‘ಸುಗಮ ಜೀವನ ಸೂಚ್ಯಂಕ’ದಲ್ಲಿ ನಾಗರಿಕರ ಗ್ರಹಿಕೆಗೆ ಶೇ 30ರ ತೂಕವಿತ್ತು, 111 ನಗರಗಳ 32 ಲಕ್ಷಕ್ಕೂ ಹೆಚ್ಚು ಜನ ಪಾಲ್ಗೊಂಡರು, ಗ್ರಹಿಕೆಯ ಅಂಕದಲ್ಲಿ ನಮ್ಮ ದಾವಣಗೆರೆ ದೇಶದ ಮುಂಚೂಣಿಯ ನಗರಗಳಲ್ಲಿತ್ತು. ಸಂತೋಷವೇ. ಆದರೆ ಇಡೀ ನಗರಕ್ಕೆ ಒಂದೇ ಅಂಕ ಎಂದರೆ ನಿಮ್ಮ ವಾರ್ಡಿನ ನಾಲ್ಕನೇ ಅಡ್ಡರಸ್ತೆಗೆ ಅದರಿಂದ ಏನೂ ತಿಳಿಯದು. ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಗಳ ಕೆಲವೇ ವಾರ್ಡ್‌ಗಳಲ್ಲಿ 2008ರಿಂದ ಪ್ರಾಯೋಗಿಕವಾಗಿ 24 ಗಂಟೆ ನೀರು ಬರತೊಡಗಿದಾಗ ಪಕ್ಕದ ವಾರ್ಡಿನವರು ದಿನಗಟ್ಟಲೆ ಕೊಡ ಇಟ್ಟುಕೊಂಡು ಕಾಯುತ್ತಿದ್ದರು. ಅಂಥ ಊರಿನ ‘ಸರಾಸರಿ ತೃಪ್ತಿ’ ಯಾರ ಮನೆಯ ಕಥೆಯೂ ಅಲ್ಲ.

ಮೊದಲು, ಯಾರ ಬಗ್ಗೆ ಕೇಳುತ್ತಿದ್ದೀರಿ?

ನಿಮ್ಮ ಊರಿನಲ್ಲಿ ಈಗ ಚುನಾಯಿತ ಮಂಡಳಿ ಇದೆಯೇ, ಅದಿಲ್ಲದಾಗ ಸರ್ಕಾರ ನೇಮಿಸುವ ಆಡಳಿತಾಧಿಕಾರಿ ಇದ್ದಾರೆಯೇ ಎಂದು ನೋಡಿಕೊಳ್ಳಿ. ಕರ್ನಾಟಕದಲ್ಲಿ ಇದು ಸಣ್ಣ ವಿಷಯವಲ್ಲ. 2018ರಲ್ಲಿ ಚುನಾವಣೆ ನಡೆದ ಎಷ್ಟೋ ನಗರಸಭೆ, ಪುರಸಭೆಗಳಲ್ಲಿ ಅಧ್ಯಕ್ಷ-ಉಪಾಧ್ಯಕ್ಷ ಸ್ಥಾನದ ಮೀಸಲಾತಿ ನ್ಯಾಯಾಲಯದ ಮೆಟ್ಟಿಲೇರಿ, 2020ರ ಕೊನೆಯವರೆಗೂ ಗೆದ್ದವರು ಅಧಿಕಾರದ ಮುಖ ನೋಡಲಿಲ್ಲ. ಬೆಂಗಳೂರಿನಲ್ಲಿ ಬಿಬಿಎಂಪಿಯ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. ಹೊಸ ಮಂಡಳಿ ಬರದೆ ಐದು ವರ್ಷ ಕಳೆದು, 2025ರ ಸೆಪ್ಟೆಂಬರ್‌ನಲ್ಲಿ ಅದನ್ನು ಐದು ಪಾಲಿಕೆಗಳಾಗಿ ಒಡೆದರು. ಆಡಳಿತಾಧಿಕಾರಿಯ ಕಾಲದಲ್ಲಿ ‘ನಿಮ್ಮ ಚುನಾಯಿತ ನಗರಸಭೆ ಹೇಗಿದೆ’ ಎಂದು ಕೇಳಿದರೆ ಜನ ಶಾಸಕರನ್ನು ನೆನೆದು ಉತ್ತರಿಸುತ್ತಾರೆ.

ಆಮೇಲೆ ಕೆಲಸಗಳನ್ನು ಬೇರ್ಪಡಿಸಿ. ಮನೆಮನೆಯ ಕಸ, ಬೀದಿ ಗುಡಿಸುವುದು, ಮಳೆನೀರಿನ ಚರಂಡಿ, ಒಳರಸ್ತೆ, ಬೀದಿನಾಯಿ, ಖಾತೆ, ಕಟ್ಟಡ ಪರವಾನಗಿ, ಜನನ-ಮರಣ ಪ್ರಮಾಣಪತ್ರ ನಗರಸಭೆಯವು. ಬೀದಿದೀಪದಲ್ಲಿ ಕಂಬ ಹೆಚ್ಚಾಗಿ ವಿದ್ಯುತ್ ಕಂಪನಿಯದು, ದೀಪ ನಗರಸಭೆಯದು. ಒಳಚರಂಡಿಯನ್ನು ಸಾಮಾನ್ಯವಾಗಿ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಕಟ್ಟಿ ಹಸ್ತಾಂತರಿಸುತ್ತದೆ. ಹಸ್ತಾಂತರ ಆಗುವ ತನಕ ಮ್ಯಾನ್‌ಹೋಲ್ ಉಕ್ಕಿದರೆ ಇಬ್ಬರೂ ಇನ್ನೊಬ್ಬರತ್ತ ಬೆರಳು ತೋರಿಸುತ್ತಾರೆ. ಊರ ನಡುವಿನ ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿ ಪ್ರಾಧಿಕಾರದ್ದೋ ಆಗಿರಬಹುದು. ಅಭಿವೃದ್ಧಿ ಪ್ರಾಧಿಕಾರದ ಬಡಾವಣೆ ಇನ್ನೂ ನಗರಸಭೆಗೆ ಹಸ್ತಾಂತರವಾಗದಿದ್ದರೆ ಅಲ್ಲಿನ ರಸ್ತೆ, ಪಾರ್ಕೂ ನಗರಸಭೆಯ ಪಟ್ಟಿಯಲ್ಲಿ ಇರುವುದಿಲ್ಲ. ಹಸ್ತಾಂತರದ ಸ್ಥಿತಿಯನ್ನು ಎಂಜಿನಿಯರಿಂಗ್ ವಿಭಾಗದಲ್ಲಿ ಕೇಳಿ ಬರೆದಿಟ್ಟುಕೊಳ್ಳಿ. ನಗರಸಭೆಯದಲ್ಲದ ಒಂದೇ ಒಂದು ದೂರು ವರದಿಯಲ್ಲಿ ಸೇರಿಬಿಟ್ಟರೆ ಸಾಕು, ಸಭೆಯಲ್ಲಿ ಮೊದಲ ಹತ್ತು ನಿಮಿಷ ಅದರ ಮೇಲೆಯೇ ಹೋಗುತ್ತದೆ.

ಮನೆಗಳ ಪಟ್ಟಿ ಮತ್ತು ಆಯ್ಕೆ

ಕಂದಾಯ ಲೆಕ್ಕದ 1,200 ಎಂಬುದು ಆಸ್ತಿಗಳ ಸಂಖ್ಯೆ, ಸಂಸಾರಗಳದ್ದಲ್ಲ. ಇಬ್ಬಿಬ್ಬರ ತಂಡಗಳು ಎರಡು ಭಾನುವಾರ ಬೀದಿ ಬೀದಿ ನಡೆದು, ಒಲೆ ಬೇರೆ ಇದ್ದ ಕಡೆಯೆಲ್ಲ ಒಂದು ಮನೆ ಎಂದು ಬರೆಯಲಿ. ಕೆಳಗೆ ಮಾಲೀಕರು, ಮೇಲೆ ಎರಡು ಬಾಡಿಗೆ, ಹಿಂದೆ ಒಂದು ಔಟ್‌ಹೌಸ್ ಇದ್ದರೆ ಅದು ನಾಲ್ಕು ಸಾಲು. ಕಿರಾಣಿ ಅಂಗಡಿಯ ಹಿಂದಿನ ಮನೆ, ಕಟ್ಟುತ್ತಿರುವ ಕಟ್ಟಡದ ವಾಚ್‌ಮನ್ ಶೆಡ್ಡು ಬಿಟ್ಟುಹೋಗುವುದೇ ಹೆಚ್ಚು. ಪಟ್ಟಿ ಮುಗಿದಾಗ 1,480 ಆಯಿತು ಎಂದಿಟ್ಟುಕೊಳ್ಳಿ.

ನಿಮಗೆ ಬೇಕಾದದ್ದು 150 ಪೂರ್ತಿ ಉತ್ತರ. ಬೀಗ, ನಿರಾಕರಣೆ ಲೆಕ್ಕ ಹಿಡಿದು 210ರಷ್ಟು ಮನೆ ಆರಿಸಿ. 1,480ನ್ನು 210ರಿಂದ ಭಾಗಿಸಿದರೆ ಏಳು, ಅಂದರೆ ಪ್ರತಿ ಏಳನೇ ಮನೆ. ಒಂದರಿಂದ ಏಳರವರೆಗೆ ಚೀಟಿ ಬರೆದು ಒಂದನ್ನು ಎತ್ತಿ. ಮೂರು ಬಂದರೆ 3, 10, 17, 24 ಹೀಗೆ ಕೊನೆಯವರೆಗೆ. ಒಂದು ಎಚ್ಚರಿಕೆ: ಬಡಾವಣೆಯ ಪ್ರತಿ ಸಾಲಿನಲ್ಲೂ ಏಳೇ ನಿವೇಶನಗಳಿದ್ದು, ಒಂದೊಂದರಲ್ಲೂ ಒಂದೇ ಮನೆಯಿದ್ದರೆ ನಿಮ್ಮ ಪಟ್ಟಿಗೆ ಬರೀ ಮೂಲೆಮನೆಗಳೇ ಬಿದ್ದುಬಿಡಬಹುದು. ಮೂಲೆಮನೆಗೆ ಎರಡು ರಸ್ತೆ, ಹಲವು ಕಡೆ ಎರಡು ಚರಂಡಿ. ಅವರ ಅನುಭವವೇ ಬೇರೆ. ಹಾಗೆ ಕಂಡರೆ ಹೆಜ್ಜೆಯನ್ನು ಆರಕ್ಕೆ ಬದಲಿಸಿ, ಆಗ ಇನ್ನು ಮೂವತ್ತೈದು ಮನೆ ಹೆಚ್ಚುವರಿ ಓಡಾಟ.

150 ಉತ್ತರ ಬಂದರೆ ಸಂಖ್ಯೆಗಳು ಸುಮಾರು ಶೇ 8ರಷ್ಟು ಅತ್ತಿತ್ತ ಇರಬಹುದು. 400ಕ್ಕೆ ಹೋದರೆ ಅದು ಶೇ 5ರೊಳಗೆ ಬರುತ್ತದೆ, ಆದರೆ ದುಡಿಮೆ ಎರಡೂವರೆ ಪಟ್ಟಿಗೂ ಹೆಚ್ಚು. ಸ್ವಯಂಸೇವಕರ ಉತ್ಸಾಹ ಎರಡನೇ ವಾರಾಂತ್ಯಕ್ಕೆ ಇಳಿಯುವುದರಿಂದ 150ನ್ನು ಚೆನ್ನಾಗಿ ಮಾಡುವುದೇ ಮೇಲು.

ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗಬಾರದು. ಎಲ್ಲರೂ ಮಾಡುವ ತಪ್ಪು ಇದೇ. ಹಗಲು ಮನೆಯಲ್ಲಿ ಸಿಗುವವರು ನಿವೃತ್ತರು ಮತ್ತು ಗೃಹಿಣಿಯರು. ಪಕ್ಕಕ್ಕೆ ಜಾರುತ್ತ ಹೋದರೆ ಇಡೀ ಸಮೀಕ್ಷೆ ಅವರದೇ ಆಗುತ್ತದೆ. ಅದೇ ಮನೆಗೆ ಮೂರು ಸಲ ಹೋಗಿ: ಒಮ್ಮೆ ಬೆಳಿಗ್ಗೆ, ಒಮ್ಮೆ ಸಂಜೆ ಏಳರ ಮೇಲೆ, ಒಮ್ಮೆ ಭಾನುವಾರ. ಆಮೇಲೂ ಸಿಗದಿದ್ದರೆ ‘ಸಿಗಲಿಲ್ಲ’ ಎಂದು ಬರೆದು ಬಿಡಿ. ಮನೆಯೊಳಗೂ ಬಾಗಿಲು ತೆರೆದವರೇ ಉತ್ತರಿಸುವಂತಾಗಬಾರದು. 18 ದಾಟಿದವರಲ್ಲಿ ಯಾರ ಹುಟ್ಟುಹಬ್ಬ ಮುಂದೆ ಬೇಗ ಬರುತ್ತದೋ ಅವರನ್ನು ಕೇಳಿ. ಹೀಗೆ ಮಾಡದಿದ್ದರೆ ‘ಯಜಮಾನರನ್ನೇ ಕೇಳಿ’ ಎಂದು ಒಳಗಿನಿಂದ ಕೂಗಿಬಿಡುತ್ತಾರೆ. ಆದರೆ ನೀರು ಎಷ್ಟು ಹೊತ್ತಿಗೆ ಬಂತೆಂದು ಆ ಯಜಮಾನರಿಗೆ ಗೊತ್ತಿರುವುದಿಲ್ಲ.

ಕೇಳಲು ಹೋಗುವವರಲ್ಲಿ ಮುಂದಿನ ಚುನಾವಣೆಗೆ ನಿಲ್ಲುವ ಇಚ್ಛೆಯವರು, ಸೋತ ಅಭ್ಯರ್ಥಿಯ ಕಡೆಯವರು, ಹಾಲಿ ಸದಸ್ಯರ ಬಂಧುಗಳು ಬೇಡ. ಹತ್ತಿರದ ಕಾಲೇಜಿನ ಎನ್‌ಎಸ್‌ಎಸ್ ವಿದ್ಯಾರ್ಥಿಗಳು ಸಿಕ್ಕರೆ ಒಳ್ಳೆಯದು. ಪ್ರತಿ ಜೋಡಿಯಲ್ಲಿ ಒಬ್ಬಳು ಹುಡುಗಿ ಇರಲಿ. ನಮೂನೆಯಲ್ಲಿ ಹೆಸರು, ಫೋನ್ ನಂಬರು ಬರೆಯಬೇಡಿ, ಕ್ರಮಸಂಖ್ಯೆ ಸಾಕು. ಸಂಖ್ಯೆ-ಮನೆಯ ಪಟ್ಟಿ ಒಬ್ಬರ ಬಳಿ ಬೇರೆಯಾಗಿ ಇರಲಿ. ಹೆಸರು ಬರೆದುಕೊಂಡರೆ ನೀರು ಬಿಡುವವನ ಬಗ್ಗೆ ಯಾರೂ ಬಾಯಿ ಬಿಡುವುದಿಲ್ಲ. ನಾಳೆ ಅವನನ್ನೇ ನೋಡಬೇಕಲ್ಲ.

ಪ್ರಶ್ನೆಗಳು

ಪ್ರಶ್ನೆಗಳು ಚಿಕ್ಕವಾಗಿರಲಿ, ಹನ್ನೆರಡು ನಿಮಿಷದೊಳಗೆ ಮುಗಿಯಬೇಕು. ‘ಒಟ್ಟಾರೆ ನಗರಸಭೆಯ ಕೆಲಸ ಹೇಗಿದೆ?’ ಎಂಬ ಒಂದು ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಕೇಳಿಬಿಡಿ. ಕಸ, ಚರಂಡಿ, ಲಂಚ ಎಲ್ಲ ಕೇಳಿ ನೆನಪಿಸಿದ ಮೇಲೆ ಇದನ್ನು ಕೇಳಿದರೆ ಅಂಕ ತಾನಾಗಿ ಇಳಿಯುತ್ತದೆ, ನೀವೇ ಇಳಿಸಿದಿರಿ ಎಂದು ನಗರಸಭೆಯವರು ಆಕ್ಷೇಪಿಸಿದರೆ ಅದು ಸರಿಯಾದದ್ದೇ. ನಂತರ ಪ್ರತಿ ಸೇವೆಗೂ ಎರಡು ಬಗೆಯ ಪ್ರಶ್ನೆ: ಮೊದಲು ಏನಾಯಿತು, ಆಮೇಲೆ ಅದರ ಬಗ್ಗೆ ಏನನ್ನಿಸುತ್ತದೆ.

ನೀರಿನದನ್ನು ಹೀಗೆ ಕೇಳಿ: ‘ಕಳೆದ 7 ದಿನಗಳಲ್ಲಿ ನಲ್ಲಿಯಲ್ಲಿ ಎಷ್ಟು ದಿನ ನೀರು ಬಂತು? ಕೊನೆಯ ಸಲ ಎಷ್ಟು ಗಂಟೆಗೆ ಬಂದು ಎಷ್ಟು ಹೊತ್ತಿಗೆ ನಿಂತಿತು? ಮೇಲಿನ ಟ್ಯಾಂಕಿಗೆ ಮೋಟಾರಿಲ್ಲದೆ ಏರಿತೇ? ಟ್ಯಾಂಕರ್ ತರಿಸಿದಿರಾ, ಎಷ್ಟು ಕೊಟ್ಟಿರಿ?’ ಆಮೇಲೆ, ‘ಈ ವ್ಯವಸ್ಥೆ ತೃಪ್ತಿಯೇ, ಸುಮಾರೇ, ತೃಪ್ತಿಯಿಲ್ಲವೇ?’ ಮೂರು ಆಯ್ಕೆ ಸಾಕು, ಐದು ಕೊಟ್ಟರೆ ಬಾಗಿಲಲ್ಲಿ ನಿಂತವರಿಗೆ ನೆನಪಿರುವುದಿಲ್ಲ. ‘ಏನೋ ನಡೀತಿದೆ ಬಿಡ್ರಿ’ ಎಂಬ ಅಡ್ಡಗೋಡೆಯ ಮೇಲಿನ ದೀಪದಂಥ ಉತ್ತರ ಧಾರಾಳವಾಗಿ ಬರುತ್ತದೆ. ಅದನ್ನು ತಾವೇ ‘ಸುಮಾರು’ ಎಂದು ಬರೆದುಕೊಳ್ಳದೆ, ಮೂರನ್ನೂ ಇನ್ನೊಮ್ಮೆ ಓದಿ ಹೇಳಿ ಅವರೇ ಆರಿಸುವಂತೆ ಮಾಡಬೇಕು.

ಕಸಕ್ಕೂ ಕಳೆದ 7 ದಿನಗಳದ್ದನ್ನೇ ಕೇಳಿ: ಆಟೋ ಟಿಪ್ಪರ್ ಎಷ್ಟು ದಿನ ಬಂತು, ಹಸಿ-ಒಣ ಬೇರೆ ತೆಗೆದುಕೊಂಡರೇ ಎಂದು. ಪೌರಕಾರ್ಮಿಕರು ಒಳ್ಳೆಯವರೋ ಅಲ್ಲವೋ ಎಂದು ಕೇಳಬೇಡಿ. ಗಾಡಿ ಬಾರದ್ದಕ್ಕೆ ಡೀಸೆಲ್ ಬಿಲ್ಲು ಕಾರಣವಿದ್ದರೂ ಸಿಟ್ಟು ಗುಡಿಸುವವರ ಮೇಲೆ ಬೀಳುತ್ತದೆ. ಬೀದಿದೀಪಕ್ಕೆ ‘ನಿನ್ನೆ ರಾತ್ರಿ ಮನೆ ಎದುರಿನ ದೀಪ ಉರಿಯುತ್ತಿತ್ತೇ?’ ಎಂದರೆ ಸಾಕು. ಚರಂಡಿ ಸ್ವಚ್ಛವಾದದ್ದನ್ನು ‘ಮೂರು ತಿಂಗಳಲ್ಲಿ’ ಎಂದು ಕೇಳಿದರೆ ಜನ ಅಂದಾಜು ಹೊಡೆಯುತ್ತಾರೆ, ‘ಗಣೇಶ ಹಬ್ಬ ಆದಮೇಲೆ ಚರಂಡಿ ಎತ್ತಿದ್ದಾರಾ?’ ಎಂದರೆ ನೆನಪು ಗಟ್ಟಿ. ತೆಗೆದ ಹೂಳನ್ನು ಎಷ್ಟು ದಿನ ಅಲ್ಲೇ ಬಿಟ್ಟಿದ್ದರು ಎಂಬುದನ್ನೂ ಸೇರಿಸಿ. ಹೂಳು ಒಣಗಿ ಮಳೆಗೆ ಮತ್ತೆ ಒಳಗೇ ಜಾರಿದರೆ ಕೆಲಸ ಮಾಡಿಯೂ ಮಾಡದಂತೆ.

ಕಚೇರಿಯ ಅನುಭವವನ್ನು, ಕಳೆದ ಯುಗಾದಿಯಿಂದ ಈಚೆಗೆ ನಗರಸಭೆಗೆ ಹೋದವರನ್ನು ಮಾತ್ರ ಕೇಳಿ. ಯಾವ ಕೆಲಸಕ್ಕೆ (ಖಾತೆ ಬದಲಾವಣೆ, ಇ-ಆಸ್ತಿ, ತೆರಿಗೆ, ಪ್ರಮಾಣಪತ್ರ), ಎಷ್ಟು ಸಲ, ನಿಗದಿತ ದಿನದೊಳಗೆ ಸೇವೆ ಕೊಡಿಸುವ ‘ಸಕಾಲ’ ಯೋಜನೆಯ ಸ್ವೀಕೃತಿ ಕೊಟ್ಟರೇ, ಮಧ್ಯವರ್ತಿ ಬೇಕಾಯಿತೇ, ಕೊನೆಗೆ ‘ರಸೀದಿಯಿಲ್ಲದೆ ಹಣ ಕೊಡಬೇಕಾಯಿತೇ?’ ಲಂಚ ಎಂಬ ಮಾತೇ ಎತ್ತಬೇಡಿ, ಮೊತ್ತವನ್ನೂ ಒತ್ತಾಯಿಸಬೇಡಿ. 150ರಲ್ಲಿ 45 ಜನ ಹೋಗಿದ್ದು 18 ಜನ ಕೊಟ್ಟೆವೆಂದರೆ ವರದಿಯಲ್ಲಿ ‘ಹೋದ 45ರಲ್ಲಿ 18’ ಎಂದೇ ಬರೆಯಿರಿ. ಇಡೀ ವಾರ್ಡಿನ ಶೇಕಡಾವಾರು ಮಾಡಲು ಹೋಗಬೇಡಿ.

ಸದಸ್ಯರ ಬಗ್ಗೆ ಮೂರು ಪ್ರಶ್ನೆ ಸಾಕು: ವಾರ್ಡ್ ಸದಸ್ಯರ ಹೆಸರೇನು (ಹೆಸರನ್ನು ನೀವು ಹೇಳಿಕೊಡಬೇಡಿ), ಆರು ತಿಂಗಳಲ್ಲಿ ಬೀದಿಯಲ್ಲಿ ಕಂಡಿದ್ದೀರಾ, ನೀರು ಬಾರದಿದ್ದರೆ ಮೊದಲು ಯಾರಿಗೆ ಫೋನ್ ಮಾಡುತ್ತೀರಿ. ಮಹಿಳಾ ಮೀಸಲು ವಾರ್ಡುಗಳಲ್ಲಿ ಸದಸ್ಯೆಯ ಬದಲು ಅವರ ಗಂಡನ ಹೆಸರು ಬರುವುದುಂಟು. ಜನ ಹೇಳಿದ್ದನ್ನು ತಿದ್ದದೆ ಬರೆದು ಬೇರೆಯಾಗಿ ಎಣಿಸಿ, ಅದೇ ಒಂದು ಫಲಿತಾಂಶ. ‘ನಮ್ಮ ಮೆಂಬರ್ ಒಳ್ಳೆಯವರು, ನಗರಸಭೆ ಮಾತ್ರ ಸರಿಯಿಲ್ಲ’ ಎಂಬ ಉತ್ತರವೂ ಬರುತ್ತದೆ. ಅದರಲ್ಲಿ ವಿರೋಧಾಭಾಸವಿಲ್ಲ. ಸದಸ್ಯರು ಸಭೆಯಲ್ಲಿ ಠರಾವು ಮಾಡಬಲ್ಲರು, ಕಾರ್ಯಾದೇಶಕ್ಕೆ ಸಹಿ ಹಾಕುವವರು ಪೌರಾಯುಕ್ತರು. ಅಧ್ಯಕ್ಷರ ಅವಧಿ ಎರಡೂವರೆ ವರ್ಷ, ವಾರ್ಡಿನ ಮೀಸಲಾತಿ ಚುನಾವಣೆಯಿಂದ ಚುನಾವಣೆಗೆ ಬದಲಾಗುತ್ತದೆ, ಮುಂದಿನ ಸಲ ಅದೇ ವಾರ್ಡ್ ಸಿಗುವ ಖಾತ್ರಿ ಸದಸ್ಯರಿಗೇ ಇಲ್ಲ. ಆದ್ದರಿಂದ ವ್ಯಕ್ತಿಗೆ ಅಂಕ ಕೊಡುವ ಸಮೀಕ್ಷೆ ಬೇಗ ಹಳಸುತ್ತದೆ. ಸೇವೆಯ ಅಂಕಿಗಳು ಉಳಿಯುತ್ತವೆ.

ಯಾವಾಗ?

ನವೆಂಬರ್. ಮಳೆಗಾಲದ ಚರಂಡಿಯ ನೆನಪು ಇನ್ನೂ ಹಸಿಯಾಗಿರುತ್ತದೆ, ಮತ್ತು ಡಿಸೆಂಬರ್-ಜನವರಿಯ ಬಜೆಟ್ ಪೂರ್ವಭಾವಿ ಸಭೆಗಳಿಗೆ ವರದಿ ಸಿದ್ಧವಿರುತ್ತದೆ. ನೀರಿನ ನಿಜವಾದ ಚಿತ್ರ ಮಾತ್ರ ನವೆಂಬರ್‌ನಲ್ಲಿ ಸಿಗದು, ಅದಕ್ಕೆ ಏಪ್ರಿಲ್‌ನಲ್ಲಿ ಅದೇ ಮನೆಗಳಿಗೆ ಹೋಗಿ ನಾಲ್ಕೇ ಪ್ರಶ್ನೆ ಕೇಳಿ ಬನ್ನಿ. ಚುನಾವಣೆ ಘೋಷಣೆಯಾದ ಮೇಲೆ ಸಮೀಕ್ಷೆಗೆ ಕೈಹಾಕಬೇಡಿ, ನೀವು ಯಾರ ಕಡೆಯವರು ಎಂಬುದೇ ಜನರ ಮೊದಲ ಪ್ರಶ್ನೆಯಾಗುತ್ತದೆ.

ಲೆಕ್ಕ ಮತ್ತು ವರದಿ

ಎಲ್ಲ ಸೇರಿಸಿ ‘ನಗರಸಭೆಗೆ 10ಕ್ಕೆ 4’ ಎಂದು ಒಂದೇ ಅಂಕ ಮಾಡಬೇಡಿ. ಪತ್ರಿಕೆಗೆ ತಲೆಬರಹ ಸಿಗುತ್ತದೆ ನಿಜ, ಆದರೆ ಯಾವ ವಿಭಾಗವೂ ಅದನ್ನು ತನ್ನದೆಂದು ಒಪ್ಪುವುದಿಲ್ಲ. ಸೇವೆಗೊಂದು ಸಾಲು, ಬಡಾವಣೆ, ಹಳೇ ಊರು, ಕೊಳಗೇರಿ ಎಂದು ಪ್ರದೇಶಕ್ಕೊಂದು ಕಂಬಸಾಲು ಇರುವ ಒಂದೇ ಪುಟದ ಪಟ್ಟಿ ಸಾಕು. ಒಂದು ಪ್ರದೇಶದಿಂದ 40 ಉತ್ತರ ಮಾತ್ರ ಇದ್ದರೆ ಅಲ್ಲಿನ ಸಂಖ್ಯೆ ಶೇ 15ರಷ್ಟು ಅತ್ತಿತ್ತ ಹೋಗಬಹುದು, ಅಲ್ಲಿ ಶೇಕಡಾವಾರು ಬಿಟ್ಟು ‘40ರಲ್ಲಿ 31’ ಎಂದೇ ಬರೆಯಿರಿ. ಕಸಕ್ಕೆ ಶೇ 52, ದೀಪಕ್ಕೆ ಶೇ 46 ತೃಪ್ತಿ ಬಂದರೆ ಕಸದ ಕೆಲಸ ಮೇಲು ಎನ್ನಬೇಡಿ, ಅಷ್ಟು ಸಣ್ಣ ಅಂತರವನ್ನು 150 ಉತ್ತರ ಹೊರಲಾರವು. ಎಷ್ಟು ಮನೆ ಆರಿಸಿದಿರಿ, ಎಷ್ಟು ಸಿಗಲಿಲ್ಲ, ಎಷ್ಟು ನಿರಾಕರಿಸಿದರು ಎಂಬುದು ಮೊದಲ ಸಾಲಿನಲ್ಲೇ ಇರಲಿ. ‘ನಾಲ್ಕು ಜನ’ ಎಂಬ ಮಾತಿಗೆ ಅದೇ ಉತ್ತರ. ಚೆನ್ನಾಗಿ ನಡೆಯುತ್ತಿರುವುದನ್ನೂ ಬರೆಯಲೇಬೇಕು. ದೂರು ಮಾತ್ರ ಇರುವ ಪುಟವನ್ನು ಯಾರೂ ಎರಡನೇ ಸಲ ಓದುವುದಿಲ್ಲ.

ಅಂಕಿಗಳಿಗೆ ಜೋಡಿಯಾಗಿ ನಗರಸಭೆಯದೇ ದಾಖಲೆ ತೆಗೆಸಿ: ನೀರು ಬಿಟ್ಟ ಲಾಗ್ ಪುಸ್ತಕ, ಆಟೋ ಟಿಪ್ಪರ್‌ನ ಟ್ರಿಪ್ ಶೀಟ್, ದೀಪ ನಿರ್ವಹಣೆಯ ಗುತ್ತಿಗೆ ಷರತ್ತು. ಮಾಹಿತಿ ಹಕ್ಕಿನಡಿ ಶುಲ್ಕ 10 ರೂಪಾಯಿ, ಗಡುವು 30 ದಿನ. ಕರ್ನಾಟಕದ ನಿಯಮದ ಪ್ರಕಾರ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಮೂರನ್ನೂ ಒಂದೇ ಅರ್ಜಿಯಲ್ಲಿ ತುರುಕಿದರೆ ತಿರಸ್ಕರಿಸಲು ನೀವೇ ನೆಪ ಕೊಟ್ಟಂತೆ. ಲಾಗ್ ಪುಸ್ತಕದಲ್ಲಿ ‘ದಿನ ಬಿಟ್ಟು ದಿನ’ ಎಂದಿದ್ದು ನಿಮ್ಮ ಮನೆಗಳಲ್ಲಿ ವಾರಕ್ಕೊಮ್ಮೆ ಬಂದಿದ್ದರೆ ಚರ್ಚೆ ಅಭಿಪ್ರಾಯದ ಮೇಲಲ್ಲ, ವಾಲ್ವ್ ಮತ್ತು ಸೋರಿಕೆಯ ಮೇಲೆ ನಡೆಯುತ್ತದೆ.

ವರದಿಯನ್ನು ಮೊದಲು ವಾರ್ಡ್ ಸದಸ್ಯರಿಗೆ ಕೊಡಿ, ಪತ್ರಿಕೆಗೆ ಆಮೇಲೆ. ಪತ್ರಿಕೆಯಲ್ಲಿ ಓದಿ ತಿಳಿದ ಸದಸ್ಯರು ನಿಮ್ಮ ವಿರುದ್ಧ ನಿಲ್ಲುತ್ತಾರೆ, ಮೊದಲೇ ಕೈಗೆ ಸಿಕ್ಕವರು ಅದನ್ನೇ ಸಾಮಾನ್ಯ ಸಭೆಯಲ್ಲಿ ಎತ್ತಿ ಹೆಸರು ತೆಗೆದುಕೊಳ್ಳುತ್ತಾರೆ. ತೆಗೆದುಕೊಳ್ಳಲಿ ಬಿಡಿ. ಇನ್ನೊಂದು ಪ್ರತಿಯನ್ನು ಪೌರಾಯುಕ್ತರ ಹೆಸರಿಗೆ ಬರೆದು ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಮುದ್ರೆ, ದಿನಾಂಕ ಹಾಕಿಸಿಕೊಳ್ಳಿ. ಮುಖಪತ್ರದಲ್ಲಿ ಮೂರೇ ಬೇಡಿಕೆ ಇರಲಿ, ಪ್ರತಿಯೊಂದಕ್ಕೂ ಜಾಗ ಮತ್ತು ವಿಭಾಗ: ‘ಇಂಥ ಅಡ್ಡರಸ್ತೆಯ 9 ದೀಪ, ಎಂಜಿನಿಯರಿಂಗ್ ವಿಭಾಗ’ ಎಂಬಷ್ಟು ಖಚಿತವಾಗಿ. ಹತ್ತು ಬೇಡಿಕೆ ಕೊಟ್ಟರೆ ಅವರು ಸುಲಭದ ಎರಡನ್ನು ಆರಿಸುತ್ತಾರೆ. ಬಿಡಿ ದೂರುಗಳನ್ನು ವರದಿಗೆ ಸೇರಿಸದೆ ಪೌರಾಡಳಿತ ನಿರ್ದೇಶನಾಲಯದ ಜನಹಿತ ಆ್ಯಪ್‌ನಲ್ಲಿ ಹಾಕಿ ದೂರಿನ ಸಂಖ್ಯೆ ಇಟ್ಟುಕೊಳ್ಳಿ.

ಬಜೆಟ್ ಪೂರ್ವಭಾವಿ ಸಭೆಯಲ್ಲಿ ನಿಮಗೆ ಸಿಗುವುದು ಎರಡು-ಮೂರು ನಿಮಿಷ. ಆ ಹೊತ್ತಿನಲ್ಲಿ ಮೊದಲ ಬೇಡಿಕೆಯೊಂದನ್ನೇ ಅದರ ಅಂಕಿಯ ಸಮೇತ ಓದಿ, ನಡಾವಳಿಯಲ್ಲಿ ದಾಖಲಿಸಲು ಕೇಳಿ. ಸಭೆ ಆಗಿ ಒಂದು ತಿಂಗಳಿಗೆ ನಡಾವಳಿಯ ಪ್ರತಿ ತೆಗೆದು ನೋಡಿ, ಬಿಟ್ಟುಹೋಗಿದ್ದರೆ ಲಿಖಿತ ಆಕ್ಷೇಪ ಕೊಡಿ. ಮುಂದಿನ ನವೆಂಬರ್‌ನಲ್ಲಿ ಇವೇ ಪ್ರಶ್ನೆಗಳನ್ನು, ಇದೇ ಕ್ರಮದಲ್ಲಿ, ಒಂದು ಪದವನ್ನೂ ಬದಲಿಸದೆ ಕೇಳಬೇಕು. ಪ್ರಶ್ನೆಗಳನ್ನು ‘ಸುಧಾರಿಸುವ’ ಆಸೆ ಆಗ ಸಂಘದಲ್ಲಿ ಯಾರಿಗಾದರೂ ಬಂದೇ ಬರುತ್ತದೆ. ಹೊಸ ಪ್ರಶ್ನೆ ಬೇಕಿದ್ದರೆ ಕೊನೆಗೆ ಸೇರಿಸಿ, ಹಳೆಯದನ್ನು ಮುಟ್ಟಬೇಡಿ.